ಭದ್ರಾ ನೀರು: ಪೇಟೆಯ ಮಾತು, ಗದ್ದೆಯ ಲೆಕ್ಕ



ಬೇಸಿಗೆಯಲ್ಲಿ ದಾವಣಗೆರೆಯ ನಲ್ಲಿಗಳಲ್ಲಿ ನೀರು ದಿನಬಿಟ್ಟು ದಿನವೂ ಬಾರದಂತಾಯಿತೆಂದರೆ ಬಸ್ ನಿಲ್ದಾಣದಲ್ಲಿ, ಹೋಟೆಲಿನಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ಡ್ಯಾಮಿನ ನೀರೆಲ್ಲಾ ಗದ್ದೆಗೇ ಹೋಯ್ತು. ಕುಡಿಯೋಕಿಲ್ಲ, ಇವರಿಗೆ ಭತ್ತಕ್ಕೆ ಬೇಕಂತೆ." ಅದೇ ದಿನ ಭಾನುವಳ್ಳಿಯ ಕಡೆ ಹೋಗಿ ನಾಲೆಯ ಕೊನೆಯಲ್ಲಿರುವ ರೈತರನ್ನು ವಿಚಾರಿಸಿ. ಒಣಗಿದ ಹೊಲಗಾಲುವೆಯನ್ನು ತೋರಿಸಿ, "ಯಾವ ನೀರು ಸ್ವಾಮಿ? ಈ ಕಡೆ ಬಂದದ್ದನ್ನು ನಾವಂತೂ ಕಂಡಿಲ್ಲ" ಎನ್ನುತ್ತಾರೆ. ಇನ್ನು ಕಛೇರಿಯಲ್ಲಿ ಕುಳಿತವರ ಮುಂದೆ ಇರುವುದು ಜಲಾಶಯದ ಮಟ್ಟ ಇಷ್ಟು ಅಡಿ, ನಾಲೆಗೆ ಬಿಟ್ಟದ್ದು ಇಷ್ಟು ಕ್ಯೂಸೆಕ್ ಎಂಬ ಕಾಗದ. ಮೂವರೂ ಹೇಳುವುದು ಒಂದೇ ನೀರಿನ ವಿಷಯ. ಮೂವರ ಕಣ್ಣಿಗೆ ಬಿದ್ದದ್ದು ಮಾತ್ರ ಬೇರೆ ಬೇರೆ.

ಇದು ಬರಿಯ ಮಾತಿನ ಜಗಳವಾಗಿದ್ದರೆ ಇಲ್ಲಿ ಬರೆಯಬೇಕಾಗಿರಲಿಲ್ಲ. ನಾಲೆಗೆ ಎಷ್ಟು ದಿನ ನೀರು, ನಿರಂತರವೋ ಸರದಿಯೋ, ಬೇಸಿಗೆ ಬೆಳೆಗೆ ಉಂಟೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರ ಮನಸ್ಸಿನಲ್ಲಿ ರೈತನ ಬಗ್ಗೆ ಯಾವ ಚಿತ್ರವಿದೆ ಎಂಬುದರ ಮೇಲೆ ನಿಮ್ಮ ಮುಂದಿನ ಬೆಳೆ ನಿಂತಿದೆ. 2023ರಲ್ಲಿ ಮಳೆ ಕೈಕೊಟ್ಟು ಭದ್ರಾ ಜಲಾಶಯ ತುಂಬಲಿಲ್ಲ. ಮೊದಲು ನಿರಂತರವಾಗಿ ಹರಿಸುವುದೆಂದು ಹೇಳಿದ ನೀರನ್ನು ನಡುವೆ ಸರದಿಗೆ ತಂದಾಗ ಸೆಪ್ಟೆಂಬರಿನಲ್ಲಿ ದಾವಣಗೆರೆಯ ರೈತರು ಬೀದಿಗಿಳಿದದ್ದು ನಿಮಗೆ ನೆನಪಿದೆ. 2025ರ ಜೂನಿನಲ್ಲಿ, ಹೊಸದುರ್ಗ, ತರೀಕೆರೆ ಕಡೆಯ ಕುಡಿಯುವ ನೀರಿನ ಯೋಜನೆಗಾಗಿ ಅಣೆಕಟ್ಟೆಯ ಬಳಿ ಬಲದಂಡೆ ನಾಲೆಯನ್ನು ಸೀಳಿದಾಗ ಮತ್ತೆ ಅದೇ ಆಯಿತು. ಎರಡು ಬಾರಿಯೂ ಎದುರಿಗಿದ್ದ ವಾದ "ಕುಡಿಯುವ ನೀರು" ಎಂಬುದು. 1987ರ ರಾಷ್ಟ್ರೀಯ ಜಲನೀತಿಯಿಂದ ಈಚೆಗೆ ಕುಡಿಯುವ ನೀರಿಗೇ ಮೊದಲ ಸ್ಥಾನವೆಂದು ಸರ್ಕಾರಗಳು ಒಪ್ಪಿವೆ. ಆ ಮಾತನ್ನು ಯಾವ ರೈತನೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು ಎಷ್ಟು ನೀರು ಎಂಬುದರಲ್ಲಿ. ಆದ್ದರಿಂದ ಲೆಕ್ಕಕ್ಕೆ ಬರೋಣ.

ಪಟ್ಟಣಕ್ಕೆ ಎಷ್ಟು, ಗದ್ದೆಗೆ ಎಷ್ಟು?

ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದಾಗ, ಅಂದರೆ 186 ಅಡಿ ಮುಟ್ಟಿದಾಗ, ಹಿಡಿಯುವ ನೀರು ಸುಮಾರು 71.5 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೆ ವರ್ಷಕ್ಕೆ ಬೇಕಾಗುವುದು ಮುಕ್ಕಾಲು ಟಿ.ಎಂ.ಸಿ. ಮಾತ್ರ. ಬಲದಂಡೆ ನಾಲೆಯಲ್ಲಿ ಪೂರ್ತಿ 2,650 ಕ್ಯೂಸೆಕ್ ಹರಿಯುವಾಗ ಒಂದು ದಿನಕ್ಕೆ ಸಾಗುವ ನೀರು 0.23 ಟಿ.ಎಂ.ಸಿ. ಎಂದರೆ ಮೂರೂವರೆ ದಿನ ನಾಲೆಯಲ್ಲಿ ಹರಿಯುವ ನೀರು ಆ ನಗರಕ್ಕೆ ಒಂದು ವರ್ಷಕ್ಕೆ ಸಾಕು. ಜನ ಈಗ ಹೆಚ್ಚಿದ್ದಾರೆಂದು ಒಂದೂವರೆ ಪಟ್ಟು ಹಿಡಿದರೂ ಐದು ದಿನ.

ಈ ಲೆಕ್ಕ ಎರಡೂ ಕಡೆ ಹರಿತವಾದ ಕತ್ತಿ ಎಂಬುದನ್ನು ಮರೆಯಬೇಡಿ. "ನಗರಕ್ಕೆ ಬೇಕಾದದ್ದು ಇಷ್ಟೇ, ಅದಕ್ಕೆ ನಮ್ಮ ಹಂಗಾಮನ್ನೇ ಏಕೆ ನಿಲ್ಲಿಸುತ್ತೀರಿ?" ಎಂದು ನೀವು ಕೇಳಬಹುದು. "ಐದು ದಿನದ ನೀರನ್ನೂ ಬಿಟ್ಟುಕೊಡಲಾರಿರಾ?" ಎಂದು ಪೇಟೆಯವರೂ ಕೇಳಬಹುದು. ಅಧಿಕಾರಿಗಳ ತೊಡಕು ಇನ್ನೊಂದು. ಜಲಾಶಯದಿಂದ ಹೊರಟ ನೀರು ಲಕ್ಕವಳ್ಳಿಯಿಂದ ಕೂಡಲಿ ದಾಟಿ ಹರಿಹರದ ಹತ್ತಿರ ರಾಜನಹಳ್ಳಿಯ ಜಾಕ್‌ವೆಲ್ ಮುಟ್ಟುವಾಗ ಹೊಳೆಯ ಮರಳಿನಲ್ಲಿ ಇಂಗಿ, ಬಿಸಿಲಿಗೆ ಆವಿಯಾಗಿ, ದಡದ ಪಂಪ್‌ಸೆಟ್ಟುಗಳಿಗೆ ಸಿಕ್ಕಿ ತೆಳ್ಳಗಾಗುತ್ತದೆ. ಕೆಳಗೆ ಹಾವೇರಿ, ಗದಗ-ಬೆಟಗೇರಿಯವರೂ ಅದೇ ಹೊಳೆಯನ್ನು ಕಾಯುತ್ತಿರುತ್ತಾರೆ. ಬರಗಾಲದಲ್ಲಿ ಮುಕ್ಕಾಲು ಟಿ.ಎಂ.ಸಿ. ತಲುಪಿಸಲು ಅದಕ್ಕಿಂತ ಬಹಳ ಹೆಚ್ಚು ಕಾದಿಡಬೇಕಾಗುತ್ತದೆ.

ಈಗ ಗದ್ದೆಯ ಲೆಕ್ಕ. ಭತ್ತಕ್ಕೆ ಸಸಿಮಡಿಯಿಂದ ಕೊಯ್ಲಿನವರೆಗೆ ಸುಮಾರು 1,200 ಮಿ.ಮೀ. ನೀರು ಬೇಕೆಂದು ಹಿಡಿಯುವುದು ವಾಡಿಕೆ. ಎಕರೆಗೆ ಇದು 48 ಲಕ್ಷ ಲೀಟರು. ಭದ್ರಾ ಅಚ್ಚುಕಟ್ಟು ಸುಮಾರು 1.05 ಲಕ್ಷ ಹೆಕ್ಟೇರು. ಅಷ್ಟಕ್ಕೂ ಭತ್ತವನ್ನೇ ಹಾಕಿದರೆ ಒಂದು ಬೆಳೆಗೆ, ನಾಲೆಗಳಲ್ಲಿ ಸೋರುವುದನ್ನು ಬಿಟ್ಟೂ, 44 ಟಿ.ಎಂ.ಸಿ. ದಾಟುತ್ತದೆ. ಎರಡು ಬೆಳೆಗೆ ಜಲಾಶಯದ ಹೊಟ್ಟೆ ಸಾಲದು. ಮುಂಗಾರಿನಲ್ಲಿ ಒಂದು ಪಾಲನ್ನು ಮಳೆಯೇ ಕೊಡುತ್ತದೆ, ನಿಜ. ಬೇಸಿಗೆಯಲ್ಲಿ ಅದೂ ಇಲ್ಲ. ಯೋಜನೆ ಮಾಡಿದವರು ಇಡೀ ಅಚ್ಚುಕಟ್ಟಿಗೆ ಭತ್ತವೆಂದು ಬರೆದಿರಲಿಲ್ಲ. ಅರೆ ನೀರಾವರಿ ಬೆಳೆಗಳಿಗೆ ದೊಡ್ಡ ಪಾಲಿತ್ತು. ನಾಲೆ ಬರುವ ಮುಂಚೆ ಈ ಕಪ್ಪು ನೆಲ ಹತ್ತಿ, ಜೋಳದ ನೆಲ. ದಾವಣಗೆರೆ ಹತ್ತಿ ಗಿರಣಿಗಳ ಊರು. ನೀರು ಬಂದಮೇಲೆ ಹತ್ತಿ ಹೋಗಿ ಭತ್ತ ಬಂದಿತು, ಊರಿನ ಸುತ್ತ ಅಕ್ಕಿ ಗಿರಣಿಗಳೆದ್ದವು. ಈಚೆಗೆ ಚನ್ನಗಿರಿಯ ಕಡೆಯಿಂದ ಅಡಿಕೆ ಕೆಳಗಿಳಿಯುತ್ತಿದೆ. ಅಡಿಕೆ ಬೇಸಿಗೆಯಲ್ಲಿ "ಈ ವರ್ಷ ಬೇಡ" ಎನ್ನಿಸಿಕೊಳ್ಳುವ ಬೆಳೆಯಲ್ಲ ಎಂಬುದನ್ನು ಹಾಕುವ ಮುಂಚೆಯೇ ಯೋಚಿಸಬೇಕು.

ಹಾಗಾದರೆ ಪೇಟೆಯವರ ಮಾತೇ ಸರಿಯೇ? ಅರ್ಧ ಸರಿ. ಉಳಿದರ್ಧ ಅವರ ತಟ್ಟೆಯಲ್ಲಿದೆ. ಎಕರೆಗೆ 25 ಕ್ವಿಂಟಲು ಭತ್ತ ಬಂದು, ಗಿರಣಿಯಲ್ಲಿ 16 ಕ್ವಿಂಟಲು ಅಕ್ಕಿಯಾಯಿತೆನ್ನಿ. ಒಂದು ಕಿಲೋ ಅಕ್ಕಿಯ ಹಿಂದೆ 3,000 ಲೀಟರು ನೀರಿದೆ. ದಿನಕ್ಕೆ ಕಾಲು ಕಿಲೋ ಅಕ್ಕಿ ಉಣ್ಣುವ ಪೇಟೆಯ ಮನುಷ್ಯ ನಲ್ಲಿಯಿಂದ 135 ಲೀಟರು ಪಡೆದರೆ, ತಟ್ಟೆಯಿಂದ 750 ಲೀಟರು ಪಡೆಯುತ್ತಾನೆ. ದಾವಣಗೆರೆಯ ಬೆಣ್ಣೆದೋಸೆ, ಭಟ್ಟಿಯ ಮಂಡಕ್ಕಿ ಎರಡೂ ಭತ್ತದ ಮಕ್ಕಳೇ. ದೋಸೆಯನ್ನು ಮುರಿಯುತ್ತ ಭತ್ತದ ಗದ್ದೆಯನ್ನು ಬೈಯುವವರಿಗೆ ಈ ಮಾತನ್ನು ನೀವು ಧಾರಾಳವಾಗಿ ಹೇಳಬಹುದು.

ಇನ್ನೊಂದು ಅಂಶ ಕಾಗದದಲ್ಲಿ ಕಾಣುವುದಿಲ್ಲ. ಗದ್ದೆಗೆ ಬಿಟ್ಟ ನೀರೆಲ್ಲ ಖರ್ಚಾಗುವುದಿಲ್ಲ. ಪೈರು ಹೀರಿ ಆವಿಯಾಗಿಸಿದ್ದು ಹೋಯಿತು. ಬದುವಿನಡಿ ಸೋರಿದ್ದು, ನೆಲಕ್ಕೆ ಇಂಗಿದ್ದು ಕೆಳಗಿನ ಬಾವಿಗೋ ಹಳ್ಳಕ್ಕೋ ಸೇರಿ ಮತ್ತೊಬ್ಬನಿಗೆ ಸಿಗುತ್ತದೆ. ಹರಿಹರ ತಾಲ್ಲೂಕಿನ ದೇವರಬೆಳಕೆರೆ ಪಿಕಪ್ಪಿನಲ್ಲಿ ನಿಲ್ಲುವ ಹಳ್ಳದ ನೀರಿನಲ್ಲಿ ಮೇಲಿನ ಗದ್ದೆಗಳ ಬಸಿನೀರಿನ ಪಾಲಿದೆ. ಸೂಳೆಕೆರೆಯಿಂದ ಹೊರಟ ಹರಿದ್ರೆ ಹಾದಿಯುದ್ದಕ್ಕೂ ಬಸಿನೀರು ಕೂಡಿಸಿಕೊಂಡು ಹರಿಹರದಲ್ಲಿ ಹೊಳೆಗೆ ಸೇರುತ್ತಾಳೆ. "ರೈತ ಪೋಲು ಮಾಡಿದ" ಎನ್ನುವ ನೀರಿನಲ್ಲಿ ಒಂದು ಪಾಲು ಹೀಗೆ ತಿರುಗಿ ಬಂದಿರುತ್ತದೆ. ಆದರೆ ಅದು ತಿರುಗಿ ಬರುವಾಗ ಏನನ್ನು ಹೊತ್ತು ತರುತ್ತದೆ?

ಹೊಳೆ ಕೆಟ್ಟದ್ದು ಯಾರಿಂದ?

ಹರಿಹರದ ಹಿರಿಯರನ್ನು ಕೇಳಿದರೆ ಹೊಳೆಯ ಮಾಲಿನ್ಯವೆಂದೊಡನೆ ಎದುರು ದಡದ ಕುಮಾರಪಟ್ಟಣದ ಕಡೆ ಕೈ ತೋರಿಸುತ್ತಾರೆ. 1980ರ ದಶಕದಲ್ಲಿ ಅಲ್ಲಿಯ ನಾರು ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯದವರು ನಡೆಸಿದ ಚಳವಳಿ ನಾಡಿಗೆಲ್ಲ ತಿಳಿದದ್ದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಹೊರತಂದ ಕೆಟ್ಟ ಹೊಳೆಗಳ ಪಟ್ಟಿಯಲ್ಲಿ ಹರಿಹರದಿಂದ ಕೊರ್ಲಹಳ್ಳಿಯವರೆಗಿನ ತುಂಗಭದ್ರೆಯೂ ಇತ್ತು.

ಆ ಪಟ್ಟಿಯನ್ನು ಓದಿ "ನೋಡಿ, ನಮ್ಮ ಹೆಸರಿಲ್ಲ" ಎಂದು ಸಮಾಧಾನಪಡಬೇಡಿ. ಮಂಡಳಿಯವರು ಅಲ್ಲಿ ಅಳೆದದ್ದು ಬಿ.ಓ.ಡಿ., ಎಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಇದು ಪಟ್ಟಣದ ಚರಂಡಿ, ಕಾರ್ಖಾನೆಯ ಕೊಳೆ ಇವುಗಳನ್ನು ಹಿಡಿಯುವ ಅಳತೆ. ಗದ್ದೆಯಿಂದ ಬರುವ ಯೂರಿಯಾ, ಕೀಟನಾಶಕಗಳು ಈ ಅಳತೆಗೆ ಸಿಕ್ಕುವುದೇ ಇಲ್ಲ. ನಮ್ಮ ತಪ್ಪಿಲ್ಲವೆಂದಲ್ಲ, ನಮ್ಮ ತಪ್ಪನ್ನು ಹುಡುಕಿಲ್ಲವೆಂದು ಅರ್ಥ.

ನೀರು ನಿಲ್ಲಿಸಿದ ಗದ್ದೆಗೆ ಚೆಲ್ಲಿದ ಯೂರಿಯಾದ ಸಾರಜನಕದಲ್ಲಿ ಪೈರಿಗೆ ದಕ್ಕುವುದು ನೂರಕ್ಕೆ ಮೂವತ್ತು ನಲವತ್ತು ಪಾಲು ಮಾತ್ರ. ಉಳಿದದ್ದು ಗಾಳಿಗೆ, ನೆಲದಾಳಕ್ಕೆ, ಇಲ್ಲವೇ ಮಡೆ ಒಡೆದು ಹಳ್ಳಕ್ಕೆ. ಚೀಲದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಗುವಾಗ ಸುಮ್ಮನಿರುವುದು ರೈತನಿಗೇ ನಷ್ಟ. ಗೊಬ್ಬರವನ್ನು ಎರಡು ಮೂರು ಕಂತಿನಲ್ಲಿ ಕೊಡಿ. ಕೊಡುವ ಮೊದಲು ನೀರನ್ನು ತಗ್ಗಿಸಿ, ಕೊಟ್ಟ ಮೇಲೆ ಕೆಲವು ದಿನ ಮಡೆ ಮುಚ್ಚಿಡಿ, ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹಾಯಿಸಬೇಡಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಅದು ಮೀರಿದರೆ ಮೊದಲು ತೊಂದರೆಯಾಗುವುದು ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ, ಅದೂ ನಿಮ್ಮದೇ ಊರಿನ ಕೊಳವೆ ಬಾವಿಯಿಂದ.

ಔಷಧಿ ಸಿಂಪಡಿಸಿದ ಪಂಪನ್ನು ನಾಲೆಯಲ್ಲಿ ತೊಳೆಯುವುದನ್ನಂತೂ ಇಂದೇ ಬಿಡಬೇಕು. ದಾವಣಗೆರೆಯ ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ತುಂಬುವುದು ಇದೇ ಭದ್ರಾ ನಾಲೆಯ ನೀರು. ಆ ಕೆರೆಗಳ ನೀರನ್ನು ಕುಡಿಯುವವರಲ್ಲಿ ಹಾಸ್ಟೆಲಿನಲ್ಲಿ ಓದುತ್ತಿರುವ ನಿಮ್ಮ ಮಗನೋ ಮಗಳೋ ಇರಬಹುದು. ತೊಳೆದ ನೀರನ್ನು ಹೊಲದ ಬದುವಿನ ಬಳಿ, ಬಾವಿ ಹಳ್ಳಗಳಿಂದ ದೂರ, ಸಿಂಪಡಿಸಿದ ನೆಲದಲ್ಲೇ ಚೆಲ್ಲಿರಿ.

ಒಂದು ಕೊಳವೆಯ ಸಾಧನ

ನೀರು ಉಳಿಸಿದರೆ ಇಳುವರಿ ಇಳಿಯುತ್ತದೆಂಬ ಭಯ ಸಹಜ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಇದಕ್ಕೆ ಸುಲಭದ ಅಳತೆ ಕೊಟ್ಟಿದ್ದಾರೆ. ಒಂದಡಿ ಉದ್ದದ, ನಾಲ್ಕರಿಂದ ಆರು ಅಂಗುಲ ಅಗಲದ ಪಿ.ವಿ.ಸಿ. ಕೊಳವೆಯ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು ಗದ್ದೆಯಲ್ಲಿ ಹುಗಿಯಿರಿ. ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಹತ್ತು ಹದಿನೈದು ದಿನ ಕಳೆದು ಸಸಿ ಬೇರು ಹಿಡಿದ ಮೇಲೆ, ಕೊಳವೆಯೊಳಗಿನ ನೀರು ನೆಲಮಟ್ಟದಿಂದ ಆರಂಗುಲ ಕೆಳಗಿಳಿಯುವವರೆಗೆ ನೀರು ಕಟ್ಟಬೇಡಿ. ಇಳಿದಾಗ ಎರಡಂಗುಲ ನಿಲ್ಲುವಂತೆ ಕಟ್ಟಿರಿ. ಹೂವಾಡುವ ಹಿಂದುಮುಂದಿನ ಒಂದು ವಾರ ಮಾತ್ರ ನೀರು ತಪ್ಪದಿರಲಿ. ಮೇಲೆ ಒಣಗಿದಂತೆ ಕಂಡರೂ ಬೇರಿನ ಬಳಿ ನೀರಿರುತ್ತದೆ. ಹೀಗೆ ಮಾಡಿದಾಗ ಇಳುವರಿ ಇಳಿಯದೆ ನೂರಕ್ಕೆ ಮೂವತ್ತು ಭಾಗದವರೆಗೂ ನೀರು ಉಳಿದದ್ದುಂಟು.

ನಮ್ಮ ಕಪ್ಪು ನೆಲದವರಿಗೆ ಒಂದು ಎಚ್ಚರಿಕೆ. ಎರೆ ಮಣ್ಣು ಹೆಚ್ಚು ಒಣಗಿದರೆ ಬಿರುಕು ಬಿಡುತ್ತದೆ. ಬಿರುಕಿಗೆ ಬಿಟ್ಟ ನೀರು ಬೇರಿಗೆ ಸಿಕ್ಕದೆ ನೇರ ಪಾತಾಳಕ್ಕೆ ಹೋಗುತ್ತದೆ, ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚಾಗುತ್ತದೆ. ಕೂದಲೆಳೆಯ ಬಿರುಕು ಕಂಡೊಡನೆ, ಆರಂಗುಲ ಇಳಿಯದಿದ್ದರೂ, ನೀರು ಕಟ್ಟಿರಿ. ಹೊಸಬರು ಮೊದಲು ಕಾಲೆಕರೆಯಲ್ಲಿ ಮಾಡಿ ನೋಡುವುದು ಮೇಲು.

"ನಾಲೆಯ ನೀರು ನಾನು ಹೇಳಿದ ದಿನ ಬರುತ್ತದೆಯೇ?" ಎಂದು ನೀವು ಕೇಳುವುದು ನ್ಯಾಯ. ನಾಳೆ ಬಾರದೆಂಬ ಭಯದಿಂದಲೇ ಮೇಲ್ಭಾಗದವರು ಇಂದು ಮೊಣಕಾಲುದ್ದ ನಿಲ್ಲಿಸುತ್ತಾರೆ, ನಾಲೆಗೇ ಪಂಪು ಹೂಡುತ್ತಾರೆ, ಕೊನೆಯವರ ಸರದಿ ಒಣಗುತ್ತದೆ. ಆದ್ದರಿಂದ ಇದು ಒಬ್ಬನಿಂದ ಆಗುವ ಕೆಲಸವಲ್ಲ. ಫಿಲಿಪ್ಪೀನ್ಸಿನ ಬೋಹೋಲ್ ದ್ವೀಪದಲ್ಲಿ ಒಂದು ಇಡೀ ನಾಲೆಯ ರೈತರು ಒಟ್ಟಾಗಿ ಸರದಿಗೆ ಒಪ್ಪಿ ಒಣ-ಒದ್ದೆ ಪದ್ಧತಿ ಹಿಡಿದಾಗ ಹೆಚ್ಚು ನೆಲಕ್ಕೆ ನೀರು ದಕ್ಕಿತು. ಸರದಿ ಪದ್ಧತಿ ನಮ್ಮಲ್ಲೂ ಇದೆ, ಕೊರತೆಯಿರುವುದು ನಂಬಿಕೆಯದು. ನಾಲೆಯಿಂದ ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಬಿಗಿ ಮಾಡಿ ರಾಜ್ಯ ನೀರಾವರಿ ಕಾಯಿದೆಗೆ 2024ರಲ್ಲಿ ತಿದ್ದುಪಡಿ ತಂದದ್ದಾಗಿದೆ. ಆದರೆ ರಾತ್ರಿ ಹೊತ್ತು ತೂಬಿನ ಬಳಿ ಕಾಯುವವರು ನಿಮ್ಮ ನೀರು ಬಳಕೆದಾರರ ಸಂಘದವರೇ ಆಗಬೇಕಷ್ಟೆ.

ಬೇಡಿಕೆಗಳಂತೂ ಹೆಚ್ಚುತ್ತಲೇ ಇವೆ. ರಾಜನಹಳ್ಳಿಯಿಂದ 22 ಕೆರೆಗಳಿಗೆ, ದೀಟೂರಿನಿಂದ ಜಗಳೂರಿನ 57 ಕೆರೆಗಳಿಗೆ ನೀರೆತ್ತುವ ಯೋಜನೆಗಳಾಗಿವೆ. ಭದ್ರಾ ಮೇಲ್ದಂಡೆ ಯೋಜನೆಗೆ ನಿಗದಿಯಾದ 29.9 ಟಿ.ಎಂ.ಸಿ.ಯಲ್ಲಿ 12.5 ಟಿ.ಎಂ.ಸಿ. ಭದ್ರೆಯದು, 17.4 ಟಿ.ಎಂ.ಸಿ. ತುಂಗೆಯಿಂದ ತರುವಂಥದು, ಅಲ್ಲಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿಯಿಂದಲೇ ಕೊಡುವುದೆಂದು ಗೊತ್ತುಮಾಡಿದ್ದಾರೆ. ನಮ್ಮ ಅಚ್ಚುಕಟ್ಟಿಗಿಂತ ಅರ್ಧಕ್ಕೂ ಕಡಿಮೆ ನೀರಿನಲ್ಲಿ ಎರಡು ಪಟ್ಟು ನೆಲ! ಆ ಬೆಳೆ ಬೇರೆ, ಅಲ್ಲಿಯ ಪದ್ಧತಿ ಬೇರೆ. ಆದರೂ ವಿಧಾನಸೌಧದಲ್ಲಿ ಕುಳಿತವರು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ದಿನ ದೂರವಿಲ್ಲ.

ಆ ಹೊತ್ತಿಗೆ ನಿಮ್ಮ ಸಂಘದ ಕೈಯಲ್ಲಿ ಒಂದು ಪುಸ್ತಕವಿರಬೇಕು. ದುಬಾರಿ ಯಂತ್ರವೇನೂ ಬೇಡ. ತೂಬಿನ ಬಾಯಲ್ಲಿ ಅಂಗುಲ ಗುರುತಿನ ಒಂದು ಹಲಗೆ ನಿಲ್ಲಿಸಿ. ನೀರು ಬಂದ ತಾರೀಖು, ಬೆಳಿಗ್ಗೆ ಸಂಜೆ ಹಲಗೆಯ ಮೇಲಿನ ಮಟ್ಟ, ನಿಂತ ತಾರೀಖು, ಯಾವ ಬೆಳೆ ಎಷ್ಟೆಕರೆ, ಕೊನೆಯ ಗದ್ದೆಗೆ ನೀರು ಮುಟ್ಟಿದ ದಿನ, ಇಷ್ಟನ್ನು ಬರೆದಿಡಿ. ಹಲಗೆಯ ಮಟ್ಟವನ್ನು ಕ್ಯೂಸೆಕ್ಕಿಗೆ ತಿರುಗಿಸುವುದನ್ನು ನೀರಾವರಿ ಇಲಾಖೆಯ ಸೆಕ್ಷನ್ ಕಛೇರಿಯಲ್ಲಿ ಕೇಳಿ ತಿಳಿಯಬಹುದು. ಕೊಳವೆ ಹುಗಿಯುವುದನ್ನು ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದಲ್ಲೋ ದಾವಣಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿರಿ. ನೀರಾವರಿ ಸಲಹಾ ಸಮಿತಿಯ ಮುಂದಿನ ಸಭೆಗೆ ನಿಮ್ಮ ಪ್ರತಿನಿಧಿ ಹೋಗುವಾಗ ಮನವಿ ಪತ್ರದ ಜೊತೆಗೆ ಆ ಪುಸ್ತಕದ ನಕಲೂ ಹೋಗಲಿ.