ಆನೆ ಹೆಚ್ಚಿತೋ, ಅಡವಿ ಕುಗ್ಗಿತೋ?

ಸಿಂಗಟಗೆರೆಯ ಸುತ್ತಣ ಬಯಲಿನಲ್ಲಿ ಹುಟ್ಟಿ ಬೆಳೆದವರಿಗೆ ಆನೆಯು ಬಹುಮಟ್ಟಿಗೆ ದೇವಾಲಯದ ಕಲ್ಲಿನಲ್ಲಿಯೋ ದಸರೆಯ ಮೆರವಣಿಗೆಯಲ್ಲಿಯೋ ಕಾಣಸಿಗುವ ಪ್ರಾಣಿ. ಆದರೆ ಹಿಂಡಿಗೂ ಹುಲ್ಲಿಗೂ ಇರುವ ಸಂಬಂಧವನ್ನು ಈ ಸೀಮೆಯವರಿಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾದುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಗೋಸಂಪತ್ತಿಗೆ ಕಡೂರು, ಅಜ್ಜಂಪುರಗಳ ಕಾವಲುಗಳು ತವರು. ಆ ಕಾವಲುಗಳನ್ನು ಹಿಂದಿನವರು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಋತು ತಿರುಗಿದಂತೆ ಹಿಂಡೂ ಸ್ಥಳ ಬದಲಾಯಿಸುತ್ತಿತ್ತು. ಮೇದು ಬಿಟ್ಟ ನೆಲ ಮುಂದಿನ ಸರದಿಯವರೆಗೆ ವಿಶ್ರಾಂತಿ ಪಡೆಯುತ್ತಿತ್ತು. ಅದೇ ಹಿಂಡನ್ನು ಒಂದೇ ಕಾವಲಿನಲ್ಲಿ ವರ್ಷವಿಡೀ ಕೂಡಿಹಾಕಿದ್ದರೆ ಹುಲ್ಲು ಬೇರುಸಹಿತ ನಾಶವಾಗುತ್ತಿತ್ತು, ನೋಡಿದವರು ‘ದನ ಹೆಚ್ಚಾಯಿತು’ ಎನ್ನುತ್ತಿದ್ದರು. ದನದ ತಲೆಯೆಣಿಕೆಯಲ್ಲಿ ಮಾತ್ರ ಒಂದೂ ಹೆಚ್ಚಾಗಿರುತ್ತಿರಲಿಲ್ಲ.

ಇಂದು ಆಫ್ರಿಕಾ ಖಂಡದ ಅಭಯಾರಣ್ಯಗಳಲ್ಲಿಯೂ ನಮ್ಮ ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ‘ಆನೆ ಹೆಚ್ಚಾಯಿತು’ ಎಂಬ ಮಾತು ಕೇಳಿಬರುತ್ತಿದೆ. ಈ ಮಾತನ್ನು ಅಳೆಯಲು ಕಾವಲಿನ ಲೆಕ್ಕಕ್ಕಿಂತ ಉತ್ತಮವಾದ ಕೊಳಗ ಇನ್ನೊಂದಿಲ್ಲ.

ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಹಸಿರು ಮೇವು ಬೇಕು, ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಅದು ಹುಲ್ಲನ್ನು ಮಾತ್ರ ಮೇಯುವುದಿಲ್ಲ. ಕೊಂಬೆ ಮುರಿಯುತ್ತದೆ, ತೊಗಟೆ ಸುಲಿಯುತ್ತದೆ, ಎಟುಕದ ಮರವನ್ನು ಉರುಳಿಸುತ್ತದೆ. ವಿಶಾಲವಾದ ಕಾಡಿನಲ್ಲಿ ಇದು ಉಪಕಾರವೇ ಸರಿ. ಉರುಳಿದ ಮರದ ಸ್ಥಳದಲ್ಲಿ ಬೆಳಕು ಬೀಳುತ್ತದೆ, ಹುಲ್ಲು ಚಿಗುರುತ್ತದೆ. ಆನೆಯ ಲದ್ದಿಯಲ್ಲಿ ಬೀಜಗಳು ಹರದಾರಿಗಟ್ಟಲೆ ದೂರ ಪ್ರಯಾಣ ಮಾಡುತ್ತವೆ. ಕಾಡಿನ ಸುತ್ತ ಬೇಲಿ ಬಿದ್ದಾಗ ಈ ಉಪಕಾರವೇ ಅಪಕಾರವಾಗಿ ಪರಿಣಮಿಸುತ್ತದೆ. ಇಪ್ಪತ್ತೆರಡು ತಿಂಗಳು ಗರ್ಭ ಧರಿಸಿ, ನಾಲ್ಕೈದು ವರ್ಷಗಳಿಗೊಮ್ಮೆ ಒಂದೇ ಮರಿಯನ್ನು ಈಯುವ ಪ್ರಾಣಿಯೂ ಅರುವತ್ತು ವರ್ಷ ಬಾಳುವುದರಿಂದ, ಸಾವು ಕಡಿಮೆಯಾದೆಡೆ ಅದರ ಸಂಖ್ಯೆ ಕೆಲವೇ ದಶಕಗಳಲ್ಲಿ ಇಮ್ಮಡಿಯಾಗುತ್ತದೆ.

ಕನ್ನಡನಾಡಿನಲ್ಲಿ ಈ ಪ್ರಶ್ನೆ ಹಿಂದೆ ಏಳಲಿಲ್ಲವೇಕೆಂದರೆ, ಆನೆಯನ್ನು ಹಿಡಿಯುವುದು ಇಲ್ಲಿ ರಾಜಕಾರ್ಯವಾಗಿತ್ತು. ತಲಕಾಡಿನ ಗಂಗರ ಲಾಂಛನವೇ ಆನೆ. ಆ ವಂಶದ ಶ್ರೀಪುರುಷನು ಗಜಶಾಸ್ತ್ರವನ್ನು ಬರೆದನೆಂದೂ, ಅವನ ಮಗ ಸೈಗೊಟ್ಟ ಶಿವಮಾರನು ಗಜಾಷ್ಟಕವನ್ನು ರಚಿಸಿದನೆಂದೂ ಪ್ರತೀತಿಯುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಆನೆಗಳಿರುವ ವನಗಳನ್ನೂ ಅವುಗಳನ್ನು ಹಿಡಿಯುವ ವಿಧಾನಗಳನ್ನೂ ವಿವರಿಸಿದ್ದಾನೆ. ಅವುಗಳಲ್ಲಿ ಆವರಣದೊಳಕ್ಕೆ ಹಿಂಡನ್ನು ಅಟ್ಟುವ ವಾರಿಬಂಧವೇ ಮುಂದೆ ಮೈಸೂರಿನ ಖೆಡ್ಡಾ ಆಯಿತೆನ್ನಬಹುದು. 1874ರಲ್ಲಿ ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿ ಚಾಮರಾಜನಗರದ ಸೀಮೆಯಲ್ಲಿ ಒಂದೇ ಸಲಕ್ಕೆ ಐವತ್ತಕ್ಕೂ ಮಿಕ್ಕ ಆನೆಗಳನ್ನು ಹಿಡಿದನು. ಕಾಕನಕೋಟೆಯ ಖೆಡ್ಡಾಗಳು ಜಗತ್ಪ್ರಸಿದ್ಧವಾದುವು. ಕೊನೆಯದು ನಡೆದುದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು, 1977ರಲ್ಲಿ ಆನೆಯು ಆ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿತು. ಆನೆಯನ್ನು ಹಿಡಿಯುವ ಕೈ ನಿಂತ ಆ ಕಾಲದಲ್ಲಿಯೇ ಅಣೆಕಟ್ಟು, ಕಾಲುವೆ, ತೋಟಗಳು ಅದರ ನೆಲವನ್ನು ಹಿಡಿಯತೊಡಗಿದುವು. ಕಾಕನಕೋಟೆಯ ಖೆಡ್ಡಾ ಭೂಮಿಯೇ ಕಬಿನಿ ಜಲಾಶಯದಲ್ಲಿ ಮುಳುಗಿತು.

ಆಫ್ರಿಕಾದವರಿಗೆ ಈ ಸಂಕಟ ನಮಗಿಂತ ಮೊದಲೇ ಒದಗಿತು. ಅಲ್ಲಿಯ ಮೂರು ಪ್ರಸಂಗಗಳನ್ನು ತಿಳಿಯದೆ ನಮ್ಮದನ್ನು ತೂಗಲಾಗದು.

ಮೊದಲನೆಯದು ಕೆನ್ಯಾ ದೇಶದ ತ್ಸಾವೊ. 1960ರ ದಶಕದಲ್ಲಿ ಅಲ್ಲಿ ಕಿಕ್ಕಿರಿದ ಆನೆಗಳು ಕುರುಚಲು ಕಾಡನ್ನು ಮುರಿದು ಹುಲ್ಲುಬಯಲು ಮಾಡತೊಡಗಿದುವು. ರಿಚರ್ಡ್ ಲಾಸ್ ಎಂಬ ವಿಜ್ಞಾನಿ, ಸಾವಿರಾರು ಆನೆಗಳನ್ನು ಕೊಂದು ಕಾಡನ್ನು ಉಳಿಸಬೇಕೆಂದನು. ವನಪಾಲಕ ಡೇವಿಡ್ ಶೆಲ್ಡ್ರಿಕ್, ಪ್ರಕೃತಿಯು ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳಲಿ ಎಂದನು. ಶೆಲ್ಡ್ರಿಕ್ಕನ ಮಾತು ನಡೆಯಿತು. 1970-71ರ ಬರಗಾಲದಲ್ಲಿ ಪ್ರಕೃತಿ ಲೆಕ್ಕ ಸರಿಪಡಿಸಿತು: ಸುಮಾರು ಆರು ಸಾವಿರ ಆನೆಗಳು ಹಸಿವಿನಿಂದ ಸತ್ತುವು. ಸತ್ತವುಗಳಲ್ಲಿ ಹೆಚ್ಚಿನವು ಹೆಣ್ಣಾನೆಗಳು ಮತ್ತು ಮರಿಗಳು. ನೀರಿನ ತಾಣವನ್ನು ಬಿಟ್ಟು ದೂರದ ಮೇವಿಗೆ ಹೋಗಲಾರದೆ ಉಳಿದವು ಅವೇ.

ಎರಡನೆಯದು ದಕ್ಷಿಣ ಆಫ್ರಿಕಾದ ಕ್ರೂಗರ್. ನಮ್ಮ ಭದ್ರಾ ಅಭಯಾರಣ್ಯದಂಥವನ್ನು ಮೂವತ್ತೆಂಟರಷ್ಟು ಜೋಡಿಸಿದರೆ ಆಗುವ ವಿಸ್ತಾರ ಅದರದು. ಅಲ್ಲಿಯವರು ಸಂಖ್ಯೆಯನ್ನು ಏಳು ಸಾವಿರದ ಸುಮಾರಿನಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸಿ, 1967ರಿಂದ 1994ರವರೆಗೆ 14 ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದರು. ಹೆಲಿಕಾಪ್ಟರಿನಿಂದ ಇಡೀ ಕುಟುಂಬವನ್ನೇ ಸುತ್ತುಗಟ್ಟಿ ಕೊಲ್ಲುವ ಕ್ರಮವದು. ಲೋಕದ ಆಕ್ಷೇಪಕ್ಕೆ ಮಣಿದು ಅದನ್ನು ನಿಲ್ಲಿಸಿದ ಮೇಲೆ ಇಪ್ಪತ್ತು ವರ್ಷಗಳಲ್ಲಿ ಸಂಖ್ಯೆ 17 ಸಾವಿರವನ್ನು ಮುಟ್ಟಿತು. ಇಪ್ಪತ್ತೇಳು ವರ್ಷಗಳ ಕೊಲೆಯಿಂದ ಸಮಸ್ಯೆ ಮುಂದಕ್ಕೆ ಹೋಯಿತೇ ವಿನಾ ತೀರಲಿಲ್ಲ.

ಮೂರನೆಯದು ಪಿಲಾನೆಸ್‌ಬರ್ಗ್ ಎಂಬ ಚಿಕ್ಕ ಅಭಯಾರಣ್ಯದ ವೃತ್ತಾಂತ. ಇದನ್ನು ಮಕ್ಕಳನ್ನು ಬೆಳೆಸುವ ಉಪಾಧ್ಯಾಯರು ವಿಶೇಷವಾಗಿ ಗಮನಿಸತಕ್ಕದ್ದು. ಕ್ರೂಗರಿನಲ್ಲಿ ಹಿರಿಯರನ್ನು ಕೊಂದಾಗ ಉಳಿಸಿಕೊಂಡ ಅನಾಥ ಮರಿಗಳನ್ನು ಅಲ್ಲಿಗೆ ಒಯ್ದು ಬಿಟ್ಟಿದ್ದರು. ಅವು ಹಿರಿಯರಿಲ್ಲದೆ ಬೆಳೆದುವು. ಪ್ರಾಯಕ್ಕೆ ಬಂದ ಗಂಡುಗಳಿಗೆ ಅಕಾಲದಲ್ಲಿ ಮದವೇರಿ, 1992ರಿಂದ 1997ರೊಳಗೆ ನಲವತ್ತಕ್ಕೂ ಹೆಚ್ಚು ಖಡ್ಗಮೃಗಗಳನ್ನು ತಿವಿದು ಕೊಂದುವು. 1998ರಲ್ಲಿ ಕ್ರೂಗರಿನಿಂದ ಆರು ಪ್ರೌಢ ಸಲಗಗಳನ್ನು ತಂದು ಅವುಗಳ ನಡುವೆ ಬಿಡಲಾಯಿತು. ಹಿರಿಯರ ಎದುರಿನಲ್ಲಿ ಕಿರಿಯರ ಮದ ಇಳಿಯಿತು. ಖಡ್ಗಮೃಗಗಳ ಕೊಲೆ ನಿಂತಿತು. ಆನೆಯ ಹಿಂಡು ತಲೆಗಳ ಕೂಟವಲ್ಲ, ಅದೊಂದು ಮನೆತನ ಎಂಬುದು ಅಧಿಕಾರಿಗಳಿಗೆ ಆಗ ಅರಿವಾಯಿತು. ಪಾಲಕಾಪ್ಯನ ಪರಂಪರೆಯನ್ನು ಓದಿದ ನಮ್ಮ ಮಾವುತರಿಗೆ ಇದು ಹೊಸ ಸಂಗತಿಯಲ್ಲ.

ಆಮೇಲೆ ಕ್ರೂಗರಿನವರು ಹಿಡಿದ ದಾರಿ ಬೇರೆ. ಹಿಂದೆ ಪ್ರವಾಸಿಗಳಿಗೆ ಮೃಗಗಳು ಕಾಣಲೆಂದು ಎಲ್ಲೆಲ್ಲಿಯೂ ಕೊಳವೆಬಾವಿ ತೋಡಿ ನೀರು ತುಂಬಿಸಿದ್ದರು. ನೀರು ಎಲ್ಲೆಡೆಯೂ ಇದ್ದುದರಿಂದ ಆನೆ ಎಲ್ಲೆಡೆಯೂ ವರ್ಷವಿಡೀ ಮೇಯುತ್ತಿತ್ತು. ಯಾವ ನೆಲಕ್ಕೂ ವಿಶ್ರಾಂತಿಯಿರಲಿಲ್ಲ. ಆ ಬಾವಿಗಳಲ್ಲಿ ಬಹುಪಾಲನ್ನು ಮುಚ್ಚಿದರು. 2002ರಲ್ಲಿ ಮೊಜಾಂಬಿಕ್ ಮತ್ತು ಜಿಂಬಾಬ್ವೆ ದೇಶಗಳೊಡನೆ ಒಪ್ಪಂದ ಮಾಡಿಕೊಂಡು, ಗಡಿಯ ಬೇಲಿಯನ್ನು ಅಲ್ಲಲ್ಲಿ ತೆಗೆದರು. ಈಗ ಆನೆಗಳು ನೀರು ಮತ್ತು ಮೇವಿನ ಜಾಡು ಹಿಡಿದು ಚಲಿಸುತ್ತವೆ. ವೃದ್ಧಿಯ ವೇಗವೂ ಕುಗ್ಗಿದೆ. ಇದು ಅಮೃತಮಹಲ್ ಕಾವಲಿನ ನ್ಯಾಯವೇ ಅಲ್ಲವೆ? ಗರ್ಭನಿರೋಧಕ ಲಸಿಕೆಯನ್ನು ಚಿಕ್ಕ ಚಿಕ್ಕ ಬೇಲಿಯ ಅಭಯಾರಣ್ಯಗಳಲ್ಲಿ ಪ್ರಯೋಗಿಸಿ ಫಲ ಕಂಡಿರುವುದೂ ಉಂಟು. ಆದರೆ ಪ್ರತಿಯೊಂದು ಹೆಣ್ಣಾನೆಯನ್ನೂ ಗುರುತಿಟ್ಟು ಮತ್ತೆ ಮತ್ತೆ ಚುಚ್ಚಬೇಕಾದ ಈ ಉಪಾಯ ದೊಡ್ಡ ಕಾಡಿಗೆ ನಿಲುಕುವುದಲ್ಲ.

ನಮ್ಮ ಸ್ಥಿತಿ ಇದಕ್ಕಿಂತ ತೊಡಕಿನದು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. 2017ರಲ್ಲಿ 6,049 ಇದ್ದುವು. ಭಾರತದಲ್ಲಿ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲವೆಂಬುದು ಅಭಿಮಾನದ ವಿಷಯವಾದರೂ, ಆರು ವರ್ಷಗಳ ಈ ಏರಿಕೆ ಅಗಾಧವಾದುದೇನಲ್ಲ. ಅಗಾಧವಾಗಿ ಬದಲಾಗಿರುವುದು ಮೇವು. ಕಾಡಿನ ತಳದಲ್ಲಿ ಹುಲ್ಲಿನ ಸ್ಥಾನವನ್ನು ಲಂಟಾನ ಆಕ್ರಮಿಸಿದೆ, ಬಿದಿರು ಹೂಬಿಟ್ಟು ಸತ್ತ ಮೆಳೆಗಳು ಮತ್ತೆ ತುಂಬಲು ವರ್ಷಗಳು ಬೇಕು. ಕಾಡಿನ ಅಂಚಿನಲ್ಲಿಯಾದರೋ ಭತ್ತ, ಬಾಳೆ, ಹಲಸುಗಳು ಬಡಿಸಿಟ್ಟ ಎಲೆಯಂತೆ ಕಾದಿವೆ.

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಅರಕಲಗೂಡು ಸೀಮೆಗಳನ್ನು ನೋಡಬೇಕು. ಹೇಮಾವತಿಯ ಹಿನ್ನೀರು, ಕಾಫಿ ತೋಟಗಳು, ಚೂರು ಚೂರಾದ ಕಾಡುಗಳು ಇವುಗಳ ನಡುವೆ ಆನೆಗಳು ಸಿಕ್ಕಿಬಿದ್ದಿವೆ. ಅವುಗಳಲ್ಲಿ ಅನೇಕವು ತೋಟದಲ್ಲಿಯೇ ಹುಟ್ಟಿ ತೋಟವನ್ನೇ ಕಾಡೆಂದು ತಿಳಿದವು. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯಾಳು ಕಾಫಿ ಗಿಡಗಳ ನಡುವೆ ಆನೆಯ ಎದುರಿಗೆ ಬೀಳುತ್ತಾನೆ. ರಾಜ್ಯದಲ್ಲಿ ವರ್ಷಕ್ಕೆ ಹತ್ತಾರು ಜನ ಹೀಗೆ ಜೀವ ತೆರುತ್ತಾರೆ. ಹೈಕೋರ್ಟಿನ ಆದೇಶದಂತೆ ರಚಿತವಾಗಿ, ಗಜವಿಜ್ಞಾನಿ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಕಾರ್ಯಪಡೆಯು 2012ರಲ್ಲಿ ವರದಿಯನ್ನೊಪ್ಪಿಸಿತು. ಆನೆ ಮುಖ್ಯವಾದ ವಲಯ, ಆನೆ ಮತ್ತು ಮನುಷ್ಯರು ಹೊಂದಿಕೊಂಡು ಬಾಳಬೇಕಾದ ವಲಯ, ಆನೆಯನ್ನು ಸಾಗಿಸಲೇಬೇಕಾದ ವಲಯ ಎಂದು ಅದು ನಾಡನ್ನು ಮೂರಾಗಿ ವಿಭಾಗಿಸಿತು. ಆಲೂರು ಸೀಮೆ ಮೂರನೆಯದಕ್ಕೆ ಸೇರಿತು. ಅನಂತರ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಶಿಬಿರಗಳಿಗೆ ಒಯ್ದರು. ತೆರವಾದ ಸ್ಥಳಕ್ಕೆ ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದು ನೆಲಸಿದುವು. ಮೇವೂ ನೀರೂ ಅಲ್ಲಿ ಹಾಗೆಯೇ ಇದ್ದುವಲ್ಲ!

ಹಿಡಿಯುವ ಕೆಲಸಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಯನ್ನು ಹಿಡಿಯಹೋಗಿ ಅದರ ದಂತಕ್ಕೆ ಬಲಿಯಾದನು. ಅಂಬಾರಿಯ ಹೊಣೆಯಿಂದ ಮುದಿತನದ ಕಾರಣಕ್ಕೆ ಬಿಡುಗಡೆ ಹೊಂದಿದ್ದ ಆನೆಯನ್ನು ಮದಿಸಿದ ಸಲಗದ ಮುಂದೆ ನಿಲ್ಲಿಸಿದ್ದು ಯುಕ್ತವೇ ಎಂದು ಜನ ಕೇಳಿದುದರಲ್ಲಿ ತಪ್ಪೇನಿದೆ?

ಕಂದಕ, ಸೌರ ಬೇಲಿ, ರೈಲ್ವೆ ಹಳಿಯ ಬೇಲಿಗಳು ಹಲವೆಡೆ ಬೆಳೆಯನ್ನು ಕಾಪಾಡಿವೆ. ಆದರೆ ಕಂದಕ ಮಳೆಗೆ ಕುಸಿಯುತ್ತದೆ. ಸೌರ ಬೇಲಿಯ ಕೆಳಗೆ ಬೆಳೆದ ಕಳೆಯನ್ನು ಸವರದಿದ್ದರೆ ವಿದ್ಯುತ್ತು ನೆಲಕ್ಕಿಳಿಯುತ್ತದೆ. 2018ರಲ್ಲಿ ನಾಗರಹೊಳೆಯ ಅಂಚಿನಲ್ಲಿ ಹಳಿಯ ಬೇಲಿಯನ್ನು ದಾಟಹೋದ ಸಲಗವೊಂದು ಅದಕ್ಕೆ ಸಿಕ್ಕಿಕೊಂಡೇ ಪ್ರಾಣ ಬಿಟ್ಟಿತು. ಅಲ್ಲದೆ ಒಂದೂರಿನ ಬೇಲಿ ಆನೆಯನ್ನು ಪಕ್ಕದೂರಿಗೆ ಕಳುಹಿಸುತ್ತದೆ.

ಇನ್ನು ನಮ್ಮ ಜಿಲ್ಲೆಯ ಮಾತು. 2024ರ ಆರಂಭದಲ್ಲಿ ಬೀಟಮ್ಮ ಎಂಬ ಹೆಸರಿನ ಹೆಣ್ಣಾನೆಯ ದೊಡ್ಡ ಹಿಂಡು ಹಾಸನದ ಕಡೆಯಿಂದ ಬಂದು ಚಿಕ್ಕಮಗಳೂರು ನಗರದ ಹೊರವಲಯದಲ್ಲಿಯೇ ಬೀಡುಬಿಟ್ಟಿತು. ಅದೇ ವರ್ಷ ಸರ್ಕಾರವು, ಹೀಗೆ ನಾಡು ಸೇರಿದ ಆನೆಗಳನ್ನು ಭದ್ರಾ ಅಭಯಾರಣ್ಯದಲ್ಲಿ ಸುಮಾರು ಎರಡು ಸಾವಿರ ಹೆಕ್ಟೇರಿನ ಆವರಣದಲ್ಲಿಟ್ಟು, ಕಾಡಿಗೆ ಒಗ್ಗಿಸಿ ಬಿಡುವ ಆನೆ ವಿಹಾರಧಾಮದ ಯೋಜನೆಯನ್ನು ಪ್ರಕಟಿಸಿತು. ಕಡೂರು, ತರೀಕೆರೆ ಸೀಮೆಯವರು ಇದನ್ನು ದೂರದ ಸುದ್ದಿಯೆಂದು ಭಾವಿಸುವಂತಿಲ್ಲ. ಇಪ್ಪತ್ತು ಚದರ ಕಿಲೋಮೀಟರು ಎಂದರೆ ಕೇಳಲು ವಿಶಾಲ. ಒಂದು ಹಿಂಡು ಸಹಜವಾಗಿ ತಿರುಗಾಡುವ ಕ್ಷೇತ್ರ ನೂರಾರು ಚದರ ಕಿಲೋಮೀಟರು. ಆವರಣದೊಳಗಿನ ಮೇವು ಎಷ್ಟು ಕಾಲ ಬಾಳೀತು, ಇಡೀ ಮನೆತನವನ್ನು ಒಟ್ಟಿಗೆ ತರಲಾಗುವುದೋ ಬಿಡಿ ಬಿಡಿಯಾಗಿ ತರಲಾಗುವುದೋ, ಹೊರಬಿಟ್ಟ ಮೇಲೆ ಭತ್ತದ ರುಚಿ ಕಂಡ ಆನೆ ಲಕ್ಕವಳ್ಳಿಯ ಅಡಕೆ, ಬಾಳೆ ತೋಟಗಳತ್ತ ತಿರುಗಿದರೆ ತಡೆಯುವವರು ಯಾರು — ಈ ಪ್ರಶ್ನೆಗಳಿಗೆ ಮೊದಲು ಉತ್ತರ ದೊರೆಯಬೇಕು. ತ್ಸಾವೊ, ಪಿಲಾನೆಸ್‌ಬರ್ಗ್‌ಗಳಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳು ಇವೇ.

ಭದ್ರಾದಲ್ಲಿ ಇಂದು ಆನೆಗೆ ಸ್ವಲ್ಪವಾದರೂ ಸ್ಥಳವಿದೆಯೆಂದರೆ ಅದಕ್ಕೆ ಕಾರಣರಾದವರನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಕಾಡಿನ ನಡುವೆ ತಲೆಮಾರುಗಳಿಂದ ಬಾಳಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಆಸುಪಾಸಿನಲ್ಲಿ ತಮ್ಮ ಮನೆ, ಗದ್ದೆ, ಗುಡಿಗಳನ್ನು ಬಿಟ್ಟು ಹೊರಬಂದುವು. ಅವುಗಳಲ್ಲಿ ಬಹಳಷ್ಟು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಭೂಮಿ ಪಡೆದು ನೆಲಸಿದುವು. ಅವರು ಬಿಟ್ಟ ಗದ್ದೆಬಯಲುಗಳಲ್ಲಿ ಹುಲ್ಲು ಬೆಳೆಯಿತು. ಬೇಸಗೆಯಲ್ಲಿ ಭದ್ರೆಯ ಹಿನ್ನೀರು ಇಳಿದಾಗ ದಡದುದ್ದಕ್ಕೂ ಎಳೆಹುಲ್ಲು ಚಿಗುರುತ್ತದೆ. ಸಂಜೆಯ ಹೊತ್ತಿಗೆ ಆನೆಗಳು ಮರಿಗಳೊಡನೆ ಬಂದು ಅದನ್ನು ಮೇಯುತ್ತವೆ. ಮುಂಗಾರು ಹಿಡಿದು ಜಲಾಶಯ ತುಂಬಿತೆಂದರೆ ಆ ಹುಲ್ಲುಗಾವಲು ನೀರಿನಡಿಗೆ ಸೇರುತ್ತದೆ, ಹಿಂಡು ಗುಡ್ಡದತ್ತ ತಿರುಗುತ್ತದೆ. ಗುಡ್ಡದ ಮೇಲೆ ಲಂಟಾನದ ನಡುವೆ ಅವಕ್ಕೆ ಎಷ್ಟು ಹುಲ್ಲು ಉಳಿದಿದೆಯೆಂಬುದನ್ನು, ಹೊಸ ಆನೆಗಳನ್ನು ತರುವ ಮೊದಲು, ಯಾರಾದರೂ ನಡೆದು ಹೋಗಿ ನೋಡಿಬರಬೇಕಾಗಿದೆ.