ಗಡಿ ಸಾಕಿದ ಊರು

1793ರಲ್ಲಿ ಪೋಲೆಂಡಿನ ವುಚ್ ಪ್ರಶ್ಯದ ಪಾಲಾದಾಗ ಅಲ್ಲಿ ಇನ್ನೂರು ಜನವೂ ಇರಲಿಲ್ಲ. 1897ರ ರಷ್ಯನ್ ಜನಗಣತಿಯಲ್ಲಿ ಅದೇ ಊರಿನ ಲೆಕ್ಕ 3,14,020. ನೂರು ಚಿಲ್ಲರೆ ವರ್ಷಗಳಲ್ಲಿ ಒಂದೂವರೆ ಸಾವಿರ ಪಟ್ಟಿಗೂ ಹೆಚ್ಚು! ಅಲ್ಲಿ ಕಲ್ಲಿದ್ದಲ ಗಣಿಯಿಲ್ಲ, ಬಂದರಿಲ್ಲ, ಒಂದಿಷ್ಟು ತೊರೆಗಳನ್ನು ಬಿಟ್ಟರೆ ಹೆಸರಿಸಬಹುದಾದ ನದಿಯೂ ಇಲ್ಲ. ಇದ್ದದ್ದು ಒಂದು ಗಡಿ, ಅದೂ ಪರರು ಎಳೆದದ್ದು.

ಪ್ರಶ್ಯ, ಆಸ್ಟ್ರಿಯ, ರಷ್ಯ ಮೂರೂ ಸೇರಿ 1795ರ ಹೊತ್ತಿಗೆ ಪೋಲೆಂಡನ್ನು ಹಂಚಿಕೊಂಡು ಮುಗಿಸಿದ್ದವು. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ ವುಚ್ ರಷ್ಯದ ಚಕ್ರವರ್ತಿ ಝಾರ್‌ನ ಕೈಗೆ ಬಂತು. 1820ರಲ್ಲಿ ಅದನ್ನು ಕೈಗಾರಿಕಾ ಪಟ್ಟಣವೆಂದು ಸಾರಿ, ಸ್ಯಾಕ್ಸನಿ, ಸೈಲೀಶಿಯ, ಬೊಹೀಮಿಯಗಳ ನೇಕಾರರಿಗೆ ಜಾಗ ಕೊಟ್ಟು, ತೆರಿಗೆ ಬಿಟ್ಟು ಕರೆದರು. ಪೋಲಿಷರ 1831ರ ದಂಗೆಯ ನಂತರ ಝಾರ್ ರಷ್ಯಕ್ಕೆ ಹೋಗುವ ಅವರ ಬಟ್ಟೆಗೆ ಸುಂಕದ ಬೇಲಿ ಹಾಕಿದ. ಅನೇಕ ಉಣ್ಣೆ ನೇಕಾರರು ಬೇಲಿಯಾಚೆಯ ಬ್ಯಾವಿಸ್ತೋಕ್‌ಗೆ ಹೊರಟುಹೋದರು. ವುಚ್ ಹತ್ತಿಯನ್ನು ನೆಚ್ಚಿತು.

1851ರಲ್ಲಿ ಆ ಬೇಲಿ ಹೋಯಿತು. ಪಶ್ಚಿಮದ, ಜರ್ಮನಿ ಕಡೆಯ ಬೇಲಿ ಮಾತ್ರ ಹಾಗೇ ಉಳಿಯಿತು. ನಿಜವಾದ ಪವಾಡ ಇಲ್ಲಿಂದ. ಸಾಮ್ರಾಜ್ಯದ ಪಶ್ಚಿಮದ ಅಂಚಿನಲ್ಲಿ ನೇಯ್ದ ಬಟ್ಟೆಗೆ ಪೆಸಿಫಿಕ್ ತೀರದವರೆಗೂ ಸುಂಕವಿಲ್ಲ. 1877ರಿಂದ ರಷ್ಯ ಆಮದು ಸುಂಕವನ್ನು ಚಿನ್ನದಲ್ಲೇ ಕಟ್ಟಿ ಎಂದಿತು. ಹೊರಗಿನ ಸರಕಿನ ಮೇಲಿನ ಹೊರೆ ಮೂರನೇ ಒಂದು ಪಾಲಿನಷ್ಟಾದರೂ ಏರಿತು. ಸರಕು ಸಾಗಿಸುವ ಬದಲು ಗಿರಣಿಯನ್ನೇ ಗಡಿಯೊಳಗೆ ಹೂಡುವುದು ಲಾಭದ ಮಾತಾಯಿತು. ಶೈಬ್ಲರ್, ಪೊಜ್ನಾನ್‌ಸ್ಕಿ ಮನೆತನಗಳ ಗಿರಣಿಗಳು ಕೋಟೆಗಳಂತೆ ಎದ್ದವು. ಹತ್ತು ಜನರಲ್ಲಿ ಇಬ್ಬರ ಮಾತು ಜರ್ಮನ್, ಮೂವರದು ಯಿಡ್ಡಿಷ್. ಪೋಲಿಷ್ ಆಡುವವರು ಅರ್ಧದಷ್ಟೂ ಇರಲಿಲ್ಲ.

ಝಾರ್‌ನ ಆಡಳಿತಕ್ಕೆ ಮಾತ್ರ ಈ ಬೆಳವಣಿಗೆ ಕಂಡಂತೆಯೇ ಇರಲಿಲ್ಲ. ಮೂರು ಲಕ್ಷದ ಊರು ಬರೀ ಜಿಲ್ಲಾಕೇಂದ್ರವಾಗಿಯೇ ಉಳಿಯಿತು ಎಂದರೆ ನಂಬಬೇಕು: ಪ್ರಾಂತ್ಯದ ರಾಜಧಾನಿ ಅದರ ಹತ್ತರಲ್ಲೊಂದರಷ್ಟಿದ್ದ ಪ್ಯೋತ್ರ್ಕೂವ್. ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ ಜನಸಂಖ್ಯೆ ಐದು ಲಕ್ಷದ ಹತ್ತಿರ ಬಂದರೂ ಊರಿಗೊಂದು ಒಳಚರಂಡಿ ಜಾಲವಿರಲಿಲ್ಲ. ಗಿರಣಿಗಳ ಬಣ್ಣದ ನೀರು ತೊರೆಗಳಲ್ಲೇ ಹರಿಯಿತು.

ಯುದ್ಧದಲ್ಲಿ ಜರ್ಮನ್ ಸೇನೆ ಗಿರಣಿಗಳ ಯಂತ್ರಭಾಗಗಳನ್ನೂ ಕಚ್ಚಾ ಸರಕನ್ನೂ ಹೊತ್ತೊಯ್ದಿತು. 1918ರಲ್ಲಿ ಪೋಲೆಂಡ್ ಸ್ವತಂತ್ರವಾದಾಗ ಗಡಿ ಪೂರ್ವಕ್ಕೆ ಸರಿಯಿತು, ರಷ್ಯದ ಮಾರುಕಟ್ಟೆ ಅದರಾಚೆ ಉಳಿಯಿತು. ಗಿರಾಕಿ ಕಳೆದುಕೊಂಡ ಆ ಊರು 1925ರಲ್ಲಿ, ತಾನೇ ಆರಿಸಿದ ನಗರಸಭೆಯ ಕೈಯಲ್ಲಿ, ಒಳಚರಂಡಿ ತೋಡಲು ಶುರುಮಾಡಿತು.