ಮೇಸ್ತ್ರಿ, ಪಗಾರ ಕೊಟ್ಟ ನಾಡಿನ ಕಡಲೂರು

ನಮ್ಮ ಆದೋನಿ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮೊದಲು ಕೇಳಿಬರುವ ಮಾತು ‘ಗುಳೆ’, ಅದರ ಹಿಂದೆಯೇ ‘ಮೇಸ್ತ್ರಿ’. ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಆಳುಗಳನ್ನು ಹೊಂದಿಸಿಕೊಂಡು ಹೋಗುವವನೇ ಮೇಸ್ತ್ರಿ. ಕನ್ನಡದವರೂ ಹಾಗೇ ಅಂತಾರೆ, ತೆಲುಗರೂ ಹಾಗೇ ಅಂತಾರೆ. ಆದರೆ ಮಾತು ಇಬ್ಬರದೂ ಅಲ್ಲ, ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದದ್ದು. ‘ಪಗಾರ’ವೂ ಅವರದೇ, ಅವರ ಭಾಷೆಯಲ್ಲಿ ‘ಪಗಾರ್’ ಅಂದರೆ ಹಣ ಕೊಡುವುದು. ಚಾವಿ, ಪಾದ್ರಿ, ಅನಾನಸು ಎಲ್ಲಾ ಆ ಕಡೆಯವೇ. ಇಷ್ಟೇಕೆ, ಮೆಣಸಿನಕಾಯಿ ಗಿಡವೇ ಅಮೆರಿಕದಿಂದ ಅವರ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದದ್ದು. ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನಿಗೆ ಇಂಥ ಮಾತುಗಳ ಬೇರು ನೋಡುವ ಚಟ ಇರುತ್ತದೆ.

ಅಕ್ಕನ ಮಗ ಲಿಸ್ಬನ್ನಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋದಾಗ ಸೆಪ್ಟೆಂಬರ್ ಕೊನೆಯಲ್ಲಿ ದಕ್ಷಿಣದ ಅಲ್ಗಾರ್ವ್ ಪ್ರಾಂತದ ಲಾಗೊಸ್ ಊರಿಗೆ ಹೊರಟೆವು. ಅಲ್ಲಿನವರ ಬಾಯಲ್ಲಿ ಅದು ‘ಲಾಗುಶ್’. ರೈಲಿನಲ್ಲಿ ಸುಮಾರು ನಾಲ್ಕು ತಾಸು, ನಡುವೆ ಟೂನೆಸ್ ಎಂಬಲ್ಲಿ ಗಾಡಿ ಬದಲಿಸಬೇಕು. ಕಿಟಕಿಯಾಚೆ ಅಂಜೂರ, ಬಾದಾಮಿ, ಕ್ಯಾರಬ್ ಮರಗಳು. ಕ್ಯಾರಬ್ಬಿನ ಕಾಯಿ ದೂರದಿಂದ ನಮ್ಮ ಹುಣಸೆಯಂತೆಯೇ ಕಾಣುತ್ತದೆ, ರುಚಿ ಮಾತ್ರ ಸಿಹಿ. ಹಿಂದೆ ಅದು ದನಕ್ಕೆ ಮೇವು, ಈಗ ಹಿಟ್ಟು ಮಾಡಿ ಮಾರುತ್ತಾರೆ. ಅದೂ ಬರದ ಸೀಮೆಯೇ ನೋಡ್ರಿ. 2024ರ ಆರಂಭದಲ್ಲಿ ಸರ್ಕಾರ ಅಲ್ಲಿನ ಹೊಲಗಳಿಗೆ ಬಿಡುವ ನೀರನ್ನೇ ಕಡಿತ ಮಾಡಿತ್ತು.

ಊರು ಚಿಕ್ಕದು, ಸುತ್ತ ಹಳೇ ಕೋಟೆಗೋಡೆ. 1755ರ ನವೆಂಬರ್ 1ರ ಭೂಕಂಪ, ಅದರ ಹಿಂದೆಯೇ ಬಂದ ಸಮುದ್ರದ ಅಲೆ ಊರನ್ನು ಹಾಳುಗೆಡವಿದವು. ಸಂತ ಅಂತೋನಿಯ ಚರ್ಚು 1769ರಲ್ಲಿ ಮತ್ತೆ ಕಟ್ಟಿದ್ದು, ಒಳಗೆ ಗೋಡೆ ತುಂಬ ಚಿನ್ನದ ಲೇಪದ ಮರದ ಕೆತ್ತನೆ. ಚೌಕವೊಂದರಲ್ಲಿ ಸೆಬಾಸ್ಟಿಯನ್ ರಾಜನ ಪ್ರತಿಮೆ ಇದೆ. 1578ರಲ್ಲಿ ಮೊರಾಕ್ಕೊ ಮೇಲೆ ದಂಡೆತ್ತಿ ಹೋಗಿ ತಿರುಗಿ ಬಾರದ ರಾಜ ಈತ. ಕಲ್ಲಿನ ಮುಖ ಪೆಚ್ಚುಮೋರೆಯ ಹುಡುಗನ ಹಾಗಿದೆ. ನನಗೆ ಹಿಡಿಸಿತು.

ನಾನು ಹೋದದ್ದು ಮಾತ್ರ ಇನ್ನೊಂದು ಕಟ್ಟಡ ನೋಡಲಿಕ್ಕೆ. ಕಡಲ ಪಕ್ಕದ ದೊಡ್ಡ ಚೌಕದಲ್ಲಿ ರಾಜಕುಮಾರ ಹೆನ್ರಿಯ ಪ್ರತಿಮೆ, 1960ರದ್ದು. ಅದರ ಆಚೆ ಮೂಲೆಗೆ ಕಮಾನುಗಳಿರುವ ಸಣ್ಣ ಕಟ್ಟಡ, ಹೆಸರು ‘ಗುಲಾಮರ ಸಂತೆ’. ಕಟ್ಟಡ ನಂತರದ ಕಾಲದ್ದು. ಸಂತೆ ನಡೆದ ಸಂಗತಿ ಮಾತ್ರ ಹಳೆಯದು, ಬರಹದಲ್ಲಿ ಇರುವಂಥದು.

1444ರ ಆಗಸ್ಟ್ 8. ಇಂದಿನ ಮಾರಿಟೇನಿಯದ ಕರಾವಳಿಯಿಂದ ಹಿಡಿದು ತಂದ 235 ಜನರನ್ನು ಬೆಳಗಿನ ತಂಪು ಹೊತ್ತಿನಲ್ಲಿ ಹಡಗಿನಿಂದ ಇಳಿಸಿ, ಊರಬಾಗಿಲ ಹೊರಗಿನ ಬಯಲಿನಲ್ಲಿ ನಿಲ್ಲಿಸಿದರು. ಐದು ಪಾಲು ಮಾಡಿದರು. ಹೆನ್ರಿ ಕುದುರೆಯ ಮೇಲೆ ಕೂತು ನೋಡುತ್ತಿದ್ದ, ಅವನ ಪಾಲಿಗೆ 46 ಜನ. ತಾಯಿ ಒಂದು ಪಾಲಿಗೆ, ಮಗು ಇನ್ನೊಂದಕ್ಕೆ. ಹೆಂಗಸರು ಕೂಸುಗಳನ್ನು ಅವಚಿಕೊಂಡು ನೆಲಕ್ಕೆ ಕವುಚಿ ಬಿದ್ದರು. ಇದನ್ನು ಬರೆದಿಟ್ಟವನು ಬೇರೆ ಯಾರೋ ವಿರೋಧಿಯಲ್ಲ, ಅರಮನೆಯ ಚರಿತ್ರೆಕಾರ ಝುರಾರಾ. ಹೆನ್ರಿಯನ್ನು ಹೊಗಳಲೆಂದೇ ಕೂತವನು ಈ ಪುಟದಲ್ಲಿ ಕಣ್ಣೀರಿನ ಮಾತು ಬರೆಯದೆ ಇರಲಾಗಲಿಲ್ಲ.

ಇನ್ನೂ ಒಂದಿದೆ. 2009ರಲ್ಲಿ ಕೋಟೆಗೋಡೆಯ ಹೊರಗೆ ಕಾರು ನಿಲ್ಲಿಸುವ ತಾಣಕ್ಕೆ ಅಗೆಯುವಾಗ, ಹಳೇ ತಿಪ್ಪೆಯಲ್ಲಿ 150ಕ್ಕೂ ಹೆಚ್ಚು ಆಫ್ರಿಕನ್ನರ ಅಸ್ಥಿಪಂಜರಗಳು ಸಿಕ್ಕವು. ಕೆಲವರ ಕೈ ಕಟ್ಟಿದ್ದ ಗುರುತಿತ್ತು. ಕಸದೊಂದಿಗೆ ಎಸೆದ ಹೆಣಗಳು. ಈಗ ಅಲ್ಲಿ ಕಾರು ನಿಲ್ಲುತ್ತವೆ, ಮೇಲೆ ಪುಟ್ಟ ಗಾಲ್ಫ್ ಆಟದ ತೋಟ. ಸಂತೆಯ ಕಟ್ಟಡದ ವಸ್ತುಸಂಗ್ರಹಾಲಯ 2016ರಲ್ಲಿ ಹೊಸದಾಗಿ ತೆರೆಯಿತು, ಅದನ್ನು ಒಪ್ಪಬೇಕು. ಆದರೆ ಪ್ರತಿಮೆಗೆ ಚೌಕದ ನಡುಮಧ್ಯ, ಸಂತೆಯ ನೆನಪಿಗೆ ಮೂಲೆ. ಈ ಲೆಕ್ಕ ನನಗೆ ಸರಿಕಾಣಲಿಲ್ಲ.

“ಮಾಮಾ, ನಮ್ಮೂರ ಗುಳೆಯೂ ಹೀಗೇ ಅಲ್ಲವೇನು?” ಅಂದ ಅಳಿಯ. ಅಲ್ಲ ಅಂದೆ. ಗುಳೆ ಹೋದವರು ತಮ್ಮ ಕಾಲಲ್ಲೇ ಹೋಗುತ್ತಾರೆ, ಕೂಸನ್ನು ಕಂಕುಳಲ್ಲೇ ಇಟ್ಟುಕೊಂಡು ಹೋಗುತ್ತಾರೆ, ಯುಗಾದಿ ಹೊತ್ತಿಗೆ ಮನೆಗೆ ಬರುತ್ತಾರೆ. ಮುಂಗಡ ಕೊಟ್ಟ ಮೇಸ್ತ್ರಿ ಲೆಕ್ಕದಲ್ಲಿ ಕೈಯಾಡಿಸಿದರೆ ಜಗಳವಾದರೂ ಆಡಬಹುದು. ಈ 235 ಜನಕ್ಕೆ ಯಾರ ಹತ್ತಿರ ಜಗಳ? ‘ಪಗಾರ್’ ಎಂಬ ಮಾತು ಊರ ತುಂಬ ಇತ್ತು, ಕೊಟ್ಟದ್ದು ಹಿಡಿದವರಿಗೆ.

ಮಧ್ಯಾಹ್ನ ಕಡಲ ಕಡೆಗೆ ನಡೆದೆವು. ಕೋಟೆಯ ಬುಡದಲ್ಲೇ ಇರುವ ತೀರದ ಹೆಸರು ‘ಪ್ರಾಯ ದ ಬಟಾಟ’. ಪ್ರಾಯ ಅಂದರೆ ಕಡಲ ದಂಡೆ, ಬಟಾಟ ನಮ್ಮ ಬಟಾಟೆಯೇ! ಮುಂದೆ ದೋನಾ ಆನಾ, ಅದರಾಚೆ ಕಮಿಲೊ. ಕಮಿಲೊಗೆ ಸುಮಾರು 200 ಮರದ ಮೆಟ್ಟಿಲು ಇಳಿಯಬೇಕು. ಮಂಡಿನೋವಿನವರು ಮೇಲೆಯೇ ನಿಂತು ನೋಡಿದರೂ ನಷ್ಟವಿಲ್ಲ. ಬಂಡೆಗಳು ಅರಿಶಿನಕ್ಕೆ ಸುಣ್ಣ ಕಲಸಿದ ಬಣ್ಣ, ಅಲೆ ಕೊರೆದ ಕಮಾನುಗಳು. ಕೊನೆಗೆ ಪೊಂತ ದ ಪಿಯೆದಾದೆ ಎಂಬ ಮೂಗು. ಅಲ್ಲಿ ದೋಣಿಯವರು ಬಂಡೆಯ ತೂತುಗಳೊಳಗೆ ಕರೆದೊಯ್ಯುತ್ತಾರೆ. ಬಂಡೆಯ ನೆರಳಿಗೆ ಮಾತ್ರ ಕೂರಬಾರದು. ಮೆತ್ತನೆ ಸುಣ್ಣಕಲ್ಲು, ಹೆಂಟೆ ಉದುರಿದ ಹಾಗೆ ಉದುರುತ್ತದೆ, ಫಲಕವನ್ನೂ ಹಾಕಿದ್ದಾರೆ. ನೀರು ಬೇಸಿಗೆಯಲ್ಲೂ ತಣ್ಣಗೆ. ಗೋವಾ ಕಂಡವರಿಗೆ ಪಾದ ಇಟ್ಟೊಡನೆ ವ್ಯತ್ಯಾಸ ತಿಳಿಯುತ್ತದೆ.

ಹೊಳೆಯಾಚೆಯ ಮೇಯಾ ಪ್ರಾಯ ನಾಲ್ಕು ಕಿಲೋಮೀಟರಿನಷ್ಟು ಉದ್ದದ ಸಮತಟ್ಟು ಮರಳು, ಮಕ್ಕಳಿರುವವರಿಗೆ ಅದೇ ಸುಖ. ಸಂಜೆ ಅಲ್ಲಿಯ ಹೋಟೆಲಿನಲ್ಲಿ ಮೇಜಿನ ಮೇಲೆ ಪುಟ್ಟ ಸೀಸೆ ಇಟ್ಟರು, ಎಣ್ಣೆಯಲ್ಲಿ ನೆನೆದ ಕೆಂಪು ಮೆಣಸಿನಕಾಯಿ. ‘ಪಿರಿಪಿರಿ’ ಅಂತಾರೆ, ಆ ಹೆಸರು ಆಫ್ರಿಕದ್ದು. ಬಡಿಸುವಾಕೆ ಖಾರ, ಜೋಕೆ ಎಂದು ಕೈಸನ್ನೆ ಮಾಡಿದಳು. ಅಳಿಯ ನಕ್ಕ. ನಾನು ಅರ್ಧ ಸೀಸೆ ಸುರಿದುಕೊಂಡೆ.